ಸಂಕಟ ಯಾರಿಗೆ

ಅಮ್ಮಾನ್ ನಗರದ ಒಂದು ಚಿಕಿತ್ಸಾಲಯದಲ್ಲಿ ಡಾಕ್ಟರ್ ರಬಾಬರ ಬೆರಳು ಕೀಲಿಮಣೆಯ ಮೇಲೆ ತಡೆದು ನಿಂತಿತು. ಲೈಂಗಿಕ ಉದ್ರೇಕದ ಕೊರತೆಯೆಂದು ರೋಗದ ಸಂಕೇತಸಂಖ್ಯೆ ನಮೂದಿಸುವ ಮುನ್ನ ದಾಖಲೆಯಲ್ಲಿ ಕಡೆಯ ಪ್ರಶ್ನೆಯೊಂದು ಉಳಿದಿತ್ತು: ಇದರಿಂದ ರೋಗಿಗೆ ಸಂಕಟವಿದೆಯೇ? ಇಲ್ಲವೆಂದಾದರೆ ಅದು ರೋಗವೇ ಅಲ್ಲ.

“ಇದೆ ಅಂತ ಒತ್ತಿಬಿಡಿ ಡಾಕ್ಟ್ರಮ್ಮ,” ಎಂದ ರೋಗಿಯ ಗಂಡ ವಾಸಿಫ್. “ಇವಳ ಪಕ್ಕ ಮಲಗೋದೂ ಒಂದೇ, ಮೃತ ಸಮುದ್ರದ ಉಪ್ಪುಗಡ್ಡೆ ತಬ್ಕೊಳ್ಳೋದೂ ಒಂದೇ.” ರೋಗವಿದೆಯೆಂದು ಡಾಕ್ಟರು ಬರೆದುಕೊಟ್ಟ ಕಾಗದವನ್ನು ಮನೆತನದ ಹಿರಿಯರ ಮುಂದಿಟ್ಟು, ಮಗಳನ್ನು ತಾನಿಟ್ಟುಕೊಂಡು, ಹೆಂಡತಿಯನ್ನು ತವರಿಗಟ್ಟುವುದು ಅವನ ಹಂಚಿಕೆ, ಅದನ್ನವನು ಮುಚ್ಚಿಡಲೂ ಇಲ್ಲ.

ರಬಾಬ್ ಅವನತ್ತ ತಿರುಗದೆ ಕೇಳಿದರು: “ನುಹಾ, ನೀನು ಹೇಳಮ್ಮ. ಹೀಗೆ ಏನೂ ಅನ್ನಿಸದೇ ಇರೋದು ನಿನಗೆ ಸಂಕಟವಾ?” ನುಹಾ ತಲೆವಸ್ತ್ರದ ಅಂಚನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಳು. “ಇಲ್ಲ ಡಾಕ್ಟ್ರೇ. ಇವರು ಮೈಮೇಲೆ ಬಿದ್ದಾಗ ಏನೂ ಅನ್ನಿಸದೇ ಇರೋದೊಂದೇ ನನಗೆ ನೆಮ್ಮದಿ. ದಯವಿಟ್ಟು ಅದನ್ನ ವಾಸಿ ಮಾಡ್ಬೇಡಿ.”

“ಅವಳನ್ನ ಯಾರ್ರೀ ಕೇಳಿದ್ದು? ಸಂಕಟ ನನಗೆ! ಅದನ್ನ ಬರೀರಿ!” ಎಂದು ವಾಸಿಫ್ ಮೇಜು ಗುದ್ದಿದ.

“ಹಾಗಾದ್ರೆ ರೋಗಿ ನೀವು. ನಿಮ್ಮ ಹೆಸರಲ್ಲಿ ಚೀಟಿ ಮಾಡಿಸ್ಕೊಂಡು ಬನ್ನಿ,” ಎಂದು ರಬಾಬ್ ಸಂಕೇತದ ಜಾಗವನ್ನು ಖಾಲಿಯಾಗಿಯೇ ಉಳಿಸಿದರು. ವಾಸಿಫ್ ಎದ್ದು ನಿಂತ. ಈಗ ಅವನ ದನಿಯಲ್ಲಿ ಸಿಟ್ಟಿನ ಸುಳಿವೇ ಇರಲಿಲ್ಲ. “ಏಳು ಚಿನ್ನ, ಮನೇಲಿ ಮಾತಾಡೋಣ.” ಆ ಮೆಲುದನಿಗೆ ನುಹಾಳ ಮುಖದ ರಕ್ತವೆಲ್ಲ ಇಳಿದುಹೋದುದನ್ನು ರಬಾಬ್ ಕಂಡರು. ನುಹಾ ಕುರ್ಚಿಯ ತೋಳುಗಳನ್ನು ಎರಡೂ ಕೈಗಳಿಂದ ಬಿಗಿಹಿಡಿದಳು, ಏಳಲಿಲ್ಲ.