ಬೊಬ್ಬೆ ಹೊಡೆಯುವ ಪೆಟ್ಟಿಗೆ

“ಒಂಬತ್ತನೇ ಕ್ಲಾಸ್‌ಗೇ ಬ್ಯಾಗು ಬಿಸಾಕಿ ಬಂದೋನು ನೀನು, ಕಂಪ್ಯೂಟ್ರು ಮುಟ್ಬ್ಯಾಡ ಕಣ್ಲಾ! ಇದೇನು ನಿನ್ ಲಾರಿ ರೇಡಿಯೇಟ್ರಾ?”

ದೊಡ್ಡಪ್ಪ ಚಿನ್ನಸ್ವಾಮಿ ಹಾಗೆ ಅಬ್ಬರಿಸಿದ್ದು ಮನೆಯವರ ಮುಂದೆ ಮಾತ್ರವಲ್ಲ, ಕೃಷ್ಣಗಿರಿಯಿಂದ ಬಂದು ಕೂತಿದ್ದ ಮದುವೆ ಹೆಣ್ಣಿನ ತಾಯಿ ಸರಳಾ ಅವರ ಮುಂದೆಯೂ. ಅಂಬರೀಶನಿಗೆ ಕಿವಿಯವರೆಗೂ ಉರಿ ಹತ್ತಿತು. ಜೂಜುವಾಡಿಯ ಶೆಡ್ಡಿನಲ್ಲಿ ಆರು ವರ್ಷದಿಂದ ಲಾರಿ ರೇಡಿಯೇಟರ್ ತೊಳೆದ ಕೈ ಮುಷ್ಟಿ ಕಟ್ಟಿತು.

ತಂಗಿ ಸುಧಾಳ ಮುಖ ನೋಡಿದ. ಮದುವೆ ವಿಡಿಯೊ ಮಾಡಿಕೊಡುವ ಕೆಲಸದಲ್ಲಿ ಅವಳ ಮೊದಲ ಆರ್ಡರು ಇದು. ಸಂಜೆ ಸರಳಾ ಅವರ ಮಗಳ ಆರತಕ್ಷತೆಯಲ್ಲಿ ನಿಶ್ಚಿತಾರ್ಥದ ವಿಡಿಯೊ ದೊಡ್ಡ ಪರದೆಯ ಮೇಲೆ ಓಡಬೇಕು. ಎಡಿಟಿಂಗ್ ಮುಗಿದಿದೆ, ಕೊನೆಗೆ ಕಂಪ್ಯೂಟರೇ ಎಲ್ಲ ಬೆಸೆದು ಕೊಡಬೇಕು. ಬೆಳಗ್ಗಿಂದ ಮೂರು ಸಲವೂ ಅದು ಬೊಬ್ಬೆ ಹೊಡೆದು ಹೊಡೆದು, ನೂರಕ್ಕೆ ನಲವತ್ತು ಮುಟ್ಟುತ್ತಲೇ ಪಟ್ಟನೆ ಆರಿಹೋಗಿತ್ತು.

“ಅಣ್ಣಾ, ನೀನೇ ನೋಡು,” ಅಂದಳು ಸುಧಾ, ದೊಡ್ಡಪ್ಪನ ಕಡೆ ತಿರುಗದೆ.

ಅಂಬರೀಶ ವೈರು ಕಿತ್ತು, ಮೇಜಿನಡಿಯ ಮೂಲೆಯಿಂದ ಕಂಪ್ಯೂಟರ್ ಪೆಟ್ಟಿಗೆಯನ್ನು ಎಳೆದ. ಮುಟ್ಟಿದರೆ ರೊಟ್ಟಿ ಹೆಂಚು. ಘಟ್ಟ ಹತ್ತುವಾಗ ಕುದ್ದು ನಿಲ್ಲುವ ಲಾರಿಗೂ ಇದಕ್ಕೂ ಏನು ವ್ಯತ್ಯಾಸ? ಗಾಳಿಗೆ ದಾರಿಯಿಲ್ಲ, ಅಷ್ಟೇ. ಪಕ್ಕದ ತಗಡು ಬಿಚ್ಚಿ, ಒಳಗೆ ಕಂಡದ್ದನ್ನು ಒಂದು ಕ್ಷಣ ದಿಟ್ಟಿಸಿದ. ಗಾಳಿಯ ಜಾಲರಿಗೆ ಮೆತ್ತಿದ್ದ ಕಸವನ್ನು ಚಿಮಟದಲ್ಲಿ ಎಳೆದೆಳೆದು ಕಾಗದದ ಮೇಲೆ ಗುಡ್ಡೆ ಹಾಕಿದ. ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ತಡೆಹಿಡಿದು ಬ್ರಷ್ ಆಡಿಸಿದ, ಸೈಕಲ್ ಪಂಪಿನಿಂದ ಗಾಳಿ ಹೊಡೆದ. ತಗಡು ಮುಚ್ಚಿ, ಪೆಟ್ಟಿಗೆಯನ್ನು ಗೋಡೆಯಿಂದ ಒಂದು ಮೊಳ ಈಚೆಗೆ, ಮೇಜಿನ ಮೇಲಿಟ್ಟು ವೈರು ಸಿಕ್ಕಿಸಿದ.

“ಹಾಕಮ್ಮ.”

ಸುಧಾ ಗುಂಡಿ ಒತ್ತಿದಳು. ಸದ್ದೇ ಇಲ್ಲ.

“ನೋಡುದ್ರಾ! ಕೊಂದೇ ಹಾಕ್ಬುಟ್ಟ!” ಚಿನ್ನಸ್ವಾಮಿ ಹಣೆ ಚಚ್ಚಿಕೊಂಡರು. “ಮೊದ್ಲು ಕೂಗಾದ್ರೂ ಕೂಗ್ತಿತ್ತು!”

“ಇಲ್ಲ ದೊಡ್ಡಪ್ಪ, ಓಡ್ತಾ ಐತೆ!” ಸುಧಾ ಬೆಳಗಿದ ಪರದೆ ತೋರಿಸಿದಳು.

ವಿಡಿಯೊ ಬೆಸೆಯುವ ಕೆಲಸ ಮೊದಲಿಂದ ಶುರುವಾಯಿತು. ಅರ್ಧ ಗಂಟೆ ಯಾರೂ ಅಲುಗಲಿಲ್ಲ. ಪರದೆಯಲ್ಲಿ ಮೂವತ್ತೊಂಬತ್ತು. ನಲವತ್ತು. ಸರಳಾ ಕುರ್ಚಿಯ ತುದಿಗೆ ಬಂದರು.

ನಲವತ್ತೊಂದು.

“ಅಪ್ಪಾಡಾ!” ಸರಳಾ ಚಪ್ಪಾಳೆ ತಟ್ಟಿಬಿಟ್ಟರು. ಸುಧಾ ಕುಣಿದಾಡಿ ಅಣ್ಣನ ಬೆನ್ನಿಗೊಂದು ಗುದ್ದು ಗುದ್ದಿದಳು. ಗೋಡೆ ಗಡಿಯಾರದ ಟಿಕ್ ಟಿಕ್ ಕೇಳುವಷ್ಟು ತಣ್ಣಗೆ ಪೆಟ್ಟಿಗೆ ದುಡಿಯುತ್ತಿತ್ತು.

ಚಿನ್ನಸ್ವಾಮಿಗೆ ಮಾತ್ರ ಸಮಾಧಾನವಿಲ್ಲ. “ಅದ್ಸರಿ, ಒಳಗಡೆ ಅದೇನ್ಲಾ ಸಿಕ್ಕಿದ್ದು? ಯಾವ ಬೆಪ್ಪು ತುರುಕಿದ್ದು?”

ಅಂಬರೀಶ ಕಾಗದ ಎತ್ತಿ ದೊಡ್ಡಪ್ಪನ ಅಂಗೈಗೆ ಸುರಿದ. ಒಣಗಿದ ಚೆಂಡುಹೂವಿನ ಎಸಳು, ವಿಭೂತಿ, ಕುಂಕುಮ. ಹೋದ ತಿಂಗಳು ಆಯುಧಪೂಜೆಯ ದಿನ ಜಾಲರಿಯ ಒಂದು ತೂತೂ ಬಿಡದೆ ಸಿಕ್ಕಿಸಿ, ಬಳಿದು, ಕೈಮುಗಿದಿದ್ದವರು ಅವರೇ.

ಸರಳಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

“ಏನ್ಲಾ... ಪೂಜೆ ಮಾಡಿದ್ದೂ ತಪ್ಪೇನ್ಲಾ?”

ಅಂಬರೀಶ ಸ್ಪ್ಯಾನರ್ ಚೀಲ ಹೆಗಲಿಗೇರಿಸಿ ಶೆಡ್ಡಿನ ದಾರಿ ಹಿಡಿದ. ಹಿಂದೆ, ದೇವರ ಹೂವನ್ನು ಕಸಕ್ಕೆ ಎಸೆಯುವಂತೆಯೂ ಇಲ್ಲದೆ, ದೊಡ್ಡಪ್ಪ ಅಂಗೈ ಚಾಚಿಕೊಂಡೇ ನಿಂತಿದ್ದರು.