ಮೊದಲ ಪಿನ್ನು

ಬಿಸಿ ಕೈ ತಗುಲಿದರೆ ಉಕ್ಕು ಹಿಗ್ಗಿ ಅಳತೆ ತಪ್ಪುತ್ತದೆಂದು, ಕಾರ್ಖಾನೆಗೆ ಸೇರುವವರ ಮೈಯ ಬಿಸಿಯನ್ನು ಇಪ್ಪತ್ತು ಡಿಗ್ರಿಗೆ ಇಳಿಸುತ್ತಾರೆ. ಕಳೆದ ವಾರ ಮಹಾದೇವಿಯದನ್ನೂ ಇಳಿಸಿದರು. ನೋವೇನೂ ಆಗಲಿಲ್ಲ. ಚಹಾ ಮಾತ್ರ ಬಿಡಬೇಕಾಯಿತು. ನೌಕರಿ ಸಿಕ್ಕಿತೆಂದು ಓಣಿಗೆಲ್ಲ ಪೇಡೆ ಹಂಚಿದಳು.

ಲೇತಿನಲ್ಲಿ ಅವಳು ಮಾಡಿದ ಮೊದಲ ಉಕ್ಕಿನ ಪಿನ್ನನ್ನು, ಕೆಲಸ ಕಲಿಸುವ ಬಡಿಗೇರ ಮಾಸ್ತರರು ಅಳೆದು ನೋಡಿ ರದ್ದಿ ಡಬ್ಬಿಗೆ ಹಾಕಿದರು.

“ಮುಂಜಾನೆ ಯಾರ ಕೈ ಹಿಡಕೊಂಡು ಬಂದಿಯವ್ವಾ?”

“ಮಗಳದ್ದುರೀ. ಸಾಲಿಗೆ ಹೋಗೂ ಮುಂದ ಗೇಟಿನ ತನಕಾ ಬರ್ತಾಳ.”

“ಸಣ್ಣ ಹುಡುಗರ ಕೈ ಭಾಳ ಬಿಸಿ ಇರ್ತಾವು. ಆ ಬಿಸಿ ನಿನ್ನ ಅಂಗೈಯಾಗ ಹಂಗ ಉಳದೈತಿ. ನಾಳಿಂದ ಹಿಡೀಬ್ಯಾಡ.”

ಅವರು ಬೈಯಲಿಲ್ಲ. ತಮ್ಮ ಅಂಗೈಗಳನ್ನೊಮ್ಮೆ ನೋಡಿಕೊಂಡು ಮುಂದಿನ ಲೇತಿನತ್ತ ಹೋದರು.

ಮರುದಿನ ಮನೆಯಿಂದ ಹೊರಡುವಾಗ ಮಗಳು ಎಂದಿನಂತೆ ಕೈ ಚಾಚಿದಳು. ಮಹಾದೇವಿ ಊಟದ ಚೀಲದ ಒಂದು ಹಿಡಿಕೆಯನ್ನು ಅವಳಿಗೆ ಕೊಟ್ಟು, ಇನ್ನೊಂದನ್ನು ತಾನು ಹಿಡಿದಳು. ಮಗಳಿಗೆ ಅದೊಂದು ಹೊಸ ಆಟ. ಚೀಲ ತೂಗುತ್ತ, ಹಾಡುತ್ತ ಗೇಟಿನವರೆಗೂ ಬಂದು, ಹಿಡಿಕೆ ಬಿಟ್ಟು ಶಾಲೆಯತ್ತ ಓಡಿದಳು.

ಅಂದಿನ ಪಿನ್ನನ್ನು ಮಾಸ್ತರರು ಎರಡು ಸಲ ಅಳೆದರು.

“ಬರೋಬ್ಬರಿ ಐತಿ,” ಎಂದರು. ಅವಳ ಮುಖ ನೋಡಲಿಲ್ಲ.