ಸಮುದ್ರಕ್ಕೆ ಹೊರಟವರು

ರುದ್ರೇಶ ಫೋನಿನ ರಿಸೀವರ್ ಎತ್ತಿ ಪಕ್ಕಕ್ಕೆ ಮಲಗಿಸಿದ್ದನ್ನು ಸೌಂದರ್ಯ ಅಡುಗೆಮನೆಯ ಬಾಗಿಲಿನಿಂದ ನೋಡಿಬಿಟ್ಟಳು.

"ಯಾರದ್ರೀ ಫೋನು?"

"ಆಫೀಸಿಂದು" ಎಂದ. ಹೆಂಡತಿಯ ಮುಖ ನೋಡಲಿಲ್ಲ.

ಅಷ್ಟು ಸಾಕಾಯಿತು. ರಜೆ ರದ್ದಾಯಿತು, ಪ್ರವಾಸಕ್ಕೆ ಎಳ್ಳುನೀರು ಬಿಟ್ಟ ಹಾಗೆಯೇ ಎಂದುಕೊಂಡಳು. ಹಿಂದೆಯೂ ಹೀಗೇ ಆಗಿತ್ತು. ಒಮ್ಮೆ ಆಡಿಟ್ಟು, ಒಮ್ಮೆ ಚುನಾವಣೆ ಡ್ಯೂಟಿ. ಆಗೆಲ್ಲ ಭದ್ರಾವತಿಯಲ್ಲಿ ಅವಳ ತಾಯಿ ಸುಭದ್ರಮ್ಮ ಬ್ಯಾಗಿಗೆ ಇಟ್ಟುಕೊಂಡಿದ್ದ ಸೀರೆಗಳನ್ನು ತೆಗೆದು ಮತ್ತೆ ಬೀರುವಿಗೆ ಇಟ್ಟಿದ್ದರು. ತಲೆ ನರೆತರೂ ಆಕೆ ಸಮುದ್ರ ಕಂಡವರಲ್ಲ. ಮಂಡಿ ದಿನೇ ದಿನೇ ಸೋಲುತ್ತಿತ್ತು. ಈ ಸಲ ತಪ್ಪಿದರೆ ಇನ್ನಿಲ್ಲ ಎನ್ನುವುದು ಮನೆಯವರಿಗೆಲ್ಲ ಗೊತ್ತಿತ್ತು, ಬಾಯಿಬಿಟ್ಟು ಹೇಳುತ್ತಿರಲಿಲ್ಲ ಅಷ್ಟೆ.

ಅದಕ್ಕೇ ಸೌಂದರ್ಯಳ ತಮ್ಮ ವೀರೇಂದ್ರ ತನ್ನ ಹಾರ್ಡ್‌ವೇರ್ ಅಂಗಡಿಗೆ ಅರ್ಧ ದಿನ ಬಾಗಿಲು ಹಾಕಿ, ಅಪ್ಪ ಅವ್ವ ಇಬ್ಬರನ್ನೂ ಶಿವಮೊಗ್ಗದ ಹೊಸಮನೆ ಬಡಾವಣೆಯ ಅಕ್ಕನ ಮನೆಗೆ ತಂದು ಬಿಟ್ಟು ಹೋಗಿದ್ದ. "ಭಾವ ಈ ಸಲಾನೂ ಕೈ ಕೊಟ್ರೆ ಹೇಳಕ್ಕ, ಅವ್ವನ್ನ ನಾನೇ ಹೊತ್ಕಂಡು ಹೋಗ್ತೀನಿ" ಎಂದು ನಗಾಡಿದ್ದ. ಅವತ್ತಿನಿಂದ ನಡುಮನೆಯಲ್ಲಿ ಅದೇ ಮಾತು. ಜೋಗ, ಕೊಲ್ಲೂರು, ಮುರುಡೇಶ್ವರ, ಧರ್ಮಸ್ಥಳ, ಶೃಂಗೇರಿ. ಪೂರ್ತಿ ಒಂದು ವಾರ. ಮೊದಲು ಕೊಲ್ಲೂರೋ ಮುರುಡೇಶ್ವರವೋ ಎಂದು ಮಾವ ಅಳಿಯ ಕಾಫಿ ಆರುವವರೆಗೆ ವಾದ ಮಾಡಿದ್ದರು. ಸುಭದ್ರಮ್ಮ ಕೇಳಿದ್ದು ಒಂದೇ.

"ಅಲೆ ಬಂದು ಕಾಲಿಗೆ ಬಡಿಯೋ ಕಡೆ ಒಂಚೂರು ಕೂರಿಸ್ರಪ್ಪ, ಸಾಕು."

ಈಗ ನೋಡಿದರೆ ರುದ್ರೇಶ ಬೀದಿಯಲ್ಲಿ ಪೀರ್ ಬಾಷಾನ ಟಾಟಾ ಸುಮೋದ ಪಕ್ಕ ನಿಂತು ಪಿಸುಗುಡುತ್ತಿದ್ದ. ಬಾಷಾ ಬಾಯಿಗೆ ಬೀಗವಿಲ್ಲದ ಡ್ರೈವರು. ಅವನೂ ತಲೆ ತಗ್ಗಿಸಿಕೊಂಡು ಕೇಳುತ್ತಿದ್ದ. ಸೌಂದರ್ಯ ಚಕ್ರದಡಿ ಇಡಲು ನಿಂಬೆಹಣ್ಣು, ಬಾನೆಟ್ಟಿಗೆ ಹೂವಿನ ಹಾರ ಹಿಡಿದುಕೊಂಡು ಹೋದರೆ, "ಈಗ ಬೇಡ ಅಕ್ಕಾ" ಎಂದು ಬೇರೆ ಕಡೆ ತಿರುಗಿದ.

ಇವನೂ ಗಂಡನ ಕಡೆಯೇ ಸೇರಿಕೊಂಡ ಎಂದು ಅವಳಿಗೆ ಇನ್ನಷ್ಟು ರೇಗಿತು.

ಒಳಗೆ ಬಂದ ರುದ್ರೇಶ ಅತ್ತೆಯ ಪಕ್ಕದಲ್ಲೇ ಕುಳಿತ. "ಅತ್ತೆ, ಇನ್ನೊಂದು ದೋಸೆ ತಗಳಿ. ಮಾವ, ನೀವೂ. ಹೊಟ್ಟೆ ತುಂಬ ತಿನ್ನಿ. ಬಿಪಿ ಮಾತ್ರೆ ನುಂಗಿದ್ರಾ?"

ಮದುವೆಯಾದಾಗಿನಿಂದ ಯಾರ ತಟ್ಟೆಯ ಕಡೆಗೂ ಕಣ್ಣು ಹಾಯಿಸದ ಗಂಡ! ತಪ್ಪು ಮುಚ್ಚಿಕೊಳ್ಳಲು ಈ ಉಪಚಾರ ಬೇರೆ ಎಂದು ಸೌಂದರ್ಯ ಹಲ್ಲು ಕಚ್ಚಿದಳು.

"ಅಳಿಯಂದ್ರು ಇವತ್ತು ಬಿಡೋ ಹಾಗೆ ಕಾಣ್ಸಲ್ಲ" ಎಂದು ಸುಭದ್ರಮ್ಮ ಹಿಗ್ಗಿದರು. ಸೌಂದರ್ಯಳ ತಂದೆ ಶಿವಮೂರ್ತಪ್ಪ ಅಳಿಯನ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ತಾವೂ ತಟ್ಟೆಯನ್ನು ಮುಂದಕ್ಕೆ ಸರಿಸಿದರು. "ನಂಗೂ ಹಾಕವ್ವ. ನಿಮ್ಮವ್ವಂಗೆ ಮೊದ್ಲು ಹಾಕು."

ತಿಂಡಿ ಮುಗಿಯುತ್ತಲೇ ರುದ್ರೇಶ ಎದ್ದ. "ಮೊದ್ಲು ಭದ್ರಾವತಿಗೆ ಹೋಗಿ ಬರಣ. ಮನೇಲಿ ಸಣ್ಣದೊಂದು ಕೆಲ್ಸ ಇದೆ. ಬ್ಯಾಗೆಲ್ಲ ಇಲ್ಲೇ ಇರ್ಲಿ."

ಸಮುದ್ರ ಒಂದು ದಿಕ್ಕು, ಭದ್ರಾವತಿ ಇನ್ನೊಂದು ದಿಕ್ಕು. ಹೆತ್ತವರನ್ನು ಬಂದ ದಾರಿಯಲ್ಲೇ ಸಾಗಹಾಕುವ ಉಪಾಯ ಎನ್ನುವುದರಲ್ಲಿ ಸೌಂದರ್ಯಳಿಗೆ ಸಂಶಯ ಉಳಿಯಲಿಲ್ಲ. ಬೀದಿಯವರ ಎದುರು ರಂಪ ಬೇಡವೆಂದು ತುಟಿ ಬಿಗಿದುಕೊಂಡು ಗಾಡಿ ಹತ್ತಿದಳು. ಪಾಪ, ಅವ್ವ ಹೊಸ ಸೀರೆ ಉಟ್ಟುಕೊಂಡಿದ್ದರು.

ಬಾಷಾ ಹಾಡು ಹಾಕಲಿಲ್ಲ. ಮಲವಗೊಪ್ಪ ದಾಟಿತು. ಶಿವಮೂರ್ತಪ್ಪ ಮಾತು ಕಡಿಮೆಯ ಮನುಷ್ಯ. ಅಂದು ಮಾತ್ರ ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗಿ, ಹೆಂಡತಿಗೆ ಸಮುದ್ರದ ವರ್ಣನೆ ಹೇಳತೊಡಗಿದರು. ನೀರು ಹಿಂದೆ ಸರಿಯುವಾಗ ಕಾಲಡಿಯ ಮರಳನ್ನೂ ಎಳೆದುಕೊಂಡು ಹೋಗುತ್ತದಂತೆ. ಆಗ ಹೆದರಬಾರದಂತೆ. ಸುಭದ್ರಮ್ಮ ಸೆರಗು ಅಡ್ಡ ಹಿಡಿದು ನಕ್ಕರು.

"ಹೆಂಗೂ ಮನೆಗೆ ಹೋಗ್ತಿದೀವಲ್ಲ, ವೀರನ್ನೂ ಎಬ್ಬಿಸ್ಕಂಡು ಹೋಗಣ. ಒಂದು ವಾರ ಅಂಗಡಿ ಮುಚ್ಚಿದ್ರೆ ಗಂಟೇನು ಹೋಗುತ್ತೆ?"

ರುದ್ರೇಶ ಕಿಟಕಿಯ ಗಾಜು ಏರಿಸಿದ.

"ನಿಧಾನ ಹೊಡಿಯಪ್ಪ ಬಾಷಾ" ಎಂದರು ಶಿವಮೂರ್ತಪ್ಪ.

ಸೌಂದರ್ಯಳಿಗೆ ಇನ್ನು ತಡೆಯಲಾಗಲಿಲ್ಲ. "ರಜಾ ಸಿಗ್ಲಿಲ್ಲ ಅಂತ ನೇರ ಹೇಳ್ಬಾರ್ದಾ? ನಮ್ಮವ್ವಂಗೆ ಯಾಕ್ರೀ ಹಿಂಗೆ ಆಸೆ ತೋರ್ಸಿ ಮೋಸ ಮಾಡ್ತೀರಾ?"

ಅತ್ತೆ ಮಾವನ ಎದುರು ಎಂದೂ ಹೆಂಡತಿಯನ್ನು ಮುಟ್ಟಿ ಮಾತಾಡಿಸದ ರುದ್ರೇಶ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಅವಳು ಕೊಸರಿಕೊಂಡಳು.

"ಅವರನ್ನ ಬೈಬೇಡ ಸೌಂದರ್ಯ" ಎಂದರು ತಂದೆ, ಹಿಂದೆ ತಿರುಗದೆ.

ಭದ್ರಾವತಿಯ ಅವರ ಓಣಿಯ ತಿರುವಿನಲ್ಲಿ ಜನ ಗುಂಪುಗೂಡಿದ್ದರು. ಸುಮೋ ಕಂಡು ಮಾತು ನಿಲ್ಲಿಸಿ ದಾರಿ ಬಿಟ್ಟರು. ಪಕ್ಕದ ಮನೆಯ ಪುಷ್ಪಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಓಡಿ ಬಂದರು. "ಏನಿದು, ಯಾರ ಮನೇಲಿ ಏನಾಯ್ತೇ?" ಎನ್ನುತ್ತ ಸುಭದ್ರಮ್ಮ ಬಾಗಿಲಿನ ಹಿಡಿ ತಡಕಾಡಿದರು.

ರುದ್ರೇಶ ಮುಂದಕ್ಕೆ ಬಾಗಿ, "ಮಾವ..." ಎಂದ.

"ಹೇಳ್ಬೇಡಿ ಅಳಿಯಂದ್ರೆ" ಎಂದರು ಶಿವಮೂರ್ತಪ್ಪ. "ನಾನೂ ಎಷ್ಟೋ ಜನ್ರನ್ನ ಹಿಂಗೇ ಹೊಟ್ಟೆ ತುಂಬ ಉಣ್ಣಿಸಿ, ಏನೂ ಹೇಳ್ದೆ ಕರ್ಕಂಡು ಬಂದಿದೀನಿ. ನೀವು ನಿಮ್ಮತ್ತೆ ಕೈ ಹಿಡ್ಕಳಿ."

ಜಗುಲಿಯ ಮೇಲೆ, ಹಣೆ ತುಂಬ ವಿಭೂತಿ ಬಳಿದು, ವೀರೇಂದ್ರನನ್ನು ಗೋಡೆಗೆ ಆನಿಸಿ ಕೂರಿಸಿದ್ದರು.